ವಾಕ್ಯರೂಪದ ಲೆಕ್ಕಗಳನ್ನು ಬಿಡಿಸುವ ಬಗೆ: ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಮತ್ತು ಹೆತ್ತವರಿಗೆ

345ರಿಂದ 178ನ್ನು ಕಳೆಯಲು ಹೇಳಿದರೆ ತಡವರಿಸದೆ ಉತ್ತರ ಬರೆಯುವ ನಾಲ್ಕನೆಯ ತರಗತಿಯ ಮಗು, ಅವೇ ಎರಡು ಸಂಖ್ಯೆಗಳನ್ನು ತೆಂಗಿನಕಾಯಿ ಮಾರಾಟದ ಒಂದು ಸಣ್ಣ ಕಥೆಯೊಳಗೆ ಇಟ್ಟು ಕೊಟ್ಟ ಕೂಡಲೇ ಪೆನ್ಸಿಲನ್ನು ಕೆಳಗಿಟ್ಟು, "ಇದು ಕೂಡಿಸುವ ಲೆಕ್ಕವೋ, ಕಳೆಯುವ ಲೆಕ್ಕವೋ?" ಎಂದು ಕೇಳುತ್ತದೆ. ಕೂಡುವುದೂ ಕಳೆಯುವುದೂ ಆ ಮಗುವಿಗೆ ಚೆನ್ನಾಗಿಯೇ ಬರುತ್ತದೆ. ತಿಳಿಯದೆ ಉಳಿದಿರುವುದು ಕಥೆ. ಆಗ "ಕಳೆ" ಎಂದು ಹೇಳಿಕೊಟ್ಟು ಮುಂದೆ ಸಾಗುವ ಹೆತ್ತವರು ಲೆಕ್ಕದ ಕಷ್ಟದ ಭಾಗವನ್ನು ತಾವೇ ಮಾಡಿ ಮುಗಿಸಿ, ಸುಲಭದ ಭಾಗವನ್ನಷ್ಟೇ ಮಗುವಿಗೆ ಉಳಿಸುತ್ತಾರೆ. ವಾಕ್ಯರೂಪದ ಲೆಕ್ಕದಲ್ಲಿ ಯಾವ ಕ್ರಿಯೆ ಮಾಡಬೇಕೆಂಬುದು ಕೊನೆಗೆ ತೀರ್ಮಾನವಾಗಬೇಕಾದ ವಿಷಯ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳೇ ಹೆಚ್ಚು, ಮತ್ತು ಅವೆಲ್ಲವೂ ಓದಿಗೆ ಸಂಬಂಧಿಸಿದವು.

ಓದದೆ ಲೆಕ್ಕ ಮಾಡುವ ಅಭ್ಯಾಸ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಗಣಿತ ಶಿಕ್ಷಣದ ಸಂಶೋಧಕರು ಕೆಳಗಿನ ತರಗತಿಗಳ 97 ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟರು: ಒಂದು ಹಡಗಿನಲ್ಲಿ 26 ಕುರಿಗಳೂ 10 ಆಡುಗಳೂ ಇವೆ, ಹಡಗಿನ ಕಪ್ತಾನನ ವಯಸ್ಸೆಷ್ಟು? ಅವರಲ್ಲಿ 76 ಮಕ್ಕಳು ಕೊಟ್ಟ ಸಂಖ್ಯೆಗಳಿಂದಲೇ ಲೆಕ್ಕ ಮಾಡಿ ಒಂದು ವಯಸ್ಸನ್ನು ಬರೆದುಕೊಟ್ಟರು. ಆ ಮಕ್ಕಳು ದಡ್ಡರೆಂದು ಇದರ ಅರ್ಥವಲ್ಲ. ಶಾಲೆಯಲ್ಲಿ ಕೊಟ್ಟ ಪ್ರತಿಯೊಂದು ಲೆಕ್ಕಕ್ಕೂ ಉತ್ತರವಿರಲೇಬೇಕು, ಆ ಉತ್ತರ ಕೊಟ್ಟ ಸಂಖ್ಯೆಗಳಿಂದಲೇ ಬರಬೇಕು ಎಂಬ ನಂಬಿಕೆ ಅವರಲ್ಲಿ ಆಗಲೇ ಬೇರೂರಿತ್ತು ಎಂದಷ್ಟೇ.

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಓದಿನಲ್ಲಿ ಇನ್ನೊಂದು ಮೆಟ್ಟಿಲು ಹೆಚ್ಚಿಗೆ ಇದೆ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ ಅಥವಾ ಬ್ಯಾರಿ ಮಾತನಾಡುವ, ಪೇಟೆಯಲ್ಲಿ ಮಲಯಾಳ ಕೇಳುವ ಮಗು ಕೇರಳ ಸರಕಾರದ ಪಠ್ಯಪುಸ್ತಕದಲ್ಲಿ ಗ್ರಾಂಥಿಕ ಕನ್ನಡದ ಉದ್ದ ವಾಕ್ಯಗಳನ್ನು ಓದಬೇಕಾಗುತ್ತದೆ. ಆದುದರಿಂದ ಲೆಕ್ಕದ ಕಥೆಯನ್ನು ಮನೆಯ ಮಾತಿನಲ್ಲಿ ಹೇಳಿಸುವುದು ತಪ್ಪೆಂದು ಯಾರೂ ಭಾವಿಸಬೇಕಾಗಿಲ್ಲ. ತುಳುವಿನಲ್ಲಿ ಕಥೆಯನ್ನು ಸರಿಯಾಗಿ ಹೇಳಬಲ್ಲ ಮಗು ಕನ್ನಡದಲ್ಲಿ ಉತ್ತರವನ್ನು ಸರಿಯಾಗಿಯೇ ಬರೆಯುತ್ತದೆ. ಉತ್ತರದ ವಾಕ್ಯವನ್ನು ಮಾತ್ರ ಶಾಲೆಯ ಭಾಷೆಯಲ್ಲಿ ಬರೆಯುವುದನ್ನು ರೂಢಿ ಮಾಡಿಸಿದರೆ ಸಾಕು.

ಒಂದು ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ

ಐದನೆಯ ಅಥವಾ ಆರನೆಯ ತರಗತಿಯ ಮಟ್ಟದ ಈ ಲೆಕ್ಕವನ್ನು ತೆಗೆದುಕೊಳ್ಳೋಣ. ಇದರಲ್ಲಿರುವ ದರ ಲೆಕ್ಕಕ್ಕಾಗಿ ಇಟ್ಟುಕೊಂಡದ್ದು, ಮಾರುಕಟ್ಟೆಯದ್ದಲ್ಲ.

"ಪೆರ್ಲದ ಕೃಷಿಕರೊಬ್ಬರು ತಲಾ 65 ಕಿಲೋ ತೂಗುವ 3 ಗೋಣಿ ಚಾಲಿ ಅಡಿಕೆಯನ್ನು ಬದಿಯಡ್ಕದ ಅಂಗಡಿಗೆ ಒಯ್ದು, ಗೋಣಿಯ ತೂಕವೆಂದು ಗೋಣಿಯೊಂದಕ್ಕೆ 1 ಕಿಲೋದಂತೆ ಕಳೆದ ಬಳಿಕ ಉಳಿದ ಅಡಿಕೆಯನ್ನು ಕಿಲೋಗೆ 400 ರೂಪಾಯಿಯಂತೆ ಮಾರಿ, 2 ಗಂಟೆಯ ಬಳಿಕ ಮನೆಗೆ ಮರಳಿ, ಜೀಪಿಗೆ 900 ರೂಪಾಯಿ ಬಾಡಿಗೆ ಕೊಟ್ಟರೆ ಅವರಲ್ಲಿ ಉಳಿಯುವ ಹಣವೆಷ್ಟು?"

ಮೊದಲ ಓದಿನಲ್ಲಿ ಪೆನ್ಸಿಲ್ ಕೈಯಲ್ಲಿ ಇರಬಾರದು. ಓದಿ ಮುಗಿದ ಮೇಲೆ ಸಂಖ್ಯೆಗಳನ್ನು ಬಿಟ್ಟು ಕಥೆಯನ್ನು ಮಾತ್ರ ಹೇಳಬೇಕು: ಒಬ್ಬರು ಅಡಿಕೆ ಮಾರಿದರು, ಗೋಣಿಯ ತೂಕ ಕಳೆದರು, ಹಣ ಬಂತು, ಅದರಲ್ಲಿ ಜೀಪಿನ ಬಾಡಿಗೆ ಕೊಟ್ಟರು. ಸಂಖ್ಯೆಯಿಲ್ಲದೆ ಕಥೆ ಹೇಳಲು ಬಾರದಿದ್ದರೆ ಲೆಕ್ಕಕ್ಕೆ ಕೈಹಾಕುವ ಹೊತ್ತು ಬಂದಿಲ್ಲವೆಂದೇ ತಿಳಿಯಬೇಕು. ಇನ್ನೊಮ್ಮೆ ಓದಬೇಕು, ಚಾಲಿ (ಒಣಗಿಸಿ ಸುಲಿದ ಅಡಿಕೆ), ಬಾಡಿಗೆ ಮುಂತಾದ ಮಾತುಗಳಲ್ಲಿ ತಿಳಿಯದ್ದು ಇದ್ದರೆ ಕೇಳಿ ತಿಳಿದುಕೊಳ್ಳಬೇಕು.

ಎರಡನೆಯ ಓದನ್ನು ಕೊನೆಯಿಂದ ಆರಂಭಿಸುವುದು ಒಳ್ಳೆಯದು. ಕನ್ನಡದ ವಾಕ್ಯದಲ್ಲಿ ಮುಖ್ಯ ಕ್ರಿಯಾಪದ ಕೊನೆಗೆ ಬರುವುದರಿಂದ ಕೇಳಿರುವ ಪ್ರಶ್ನೆಯೂ ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ. ಪ್ರಶ್ನೆ ಸಿಕ್ಕಿದೊಡನೆ ಅದನ್ನು ಉತ್ತರದ ವಾಕ್ಯವಾಗಿ ತಿರುಗಿಸಿ, ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟು ಬರೆದಿಡಬೇಕು: "ಕೃಷಿಕರಲ್ಲಿ ಉಳಿಯುವ ಹಣ ______ ರೂಪಾಯಿ." ಇಷ್ಟು ಚಿಕ್ಕ ಕೆಲಸದಿಂದ ಎರಡು ಲಾಭಗಳಿವೆ. ಉತ್ತರ ಕಿಲೋದಲ್ಲಿ ಅಲ್ಲ, ರೂಪಾಯಿಯಲ್ಲಿ ಎಂಬುದು ಮೊದಲೇ ಖಚಿತವಾಗುತ್ತದೆ. ಅರ್ಧದಾರಿಯಲ್ಲಿ ಅಡಿಕೆಯ ಬೆಲೆ ಸಿಕ್ಕಿದ ಕೂಡಲೇ ಅದನ್ನೇ ಉತ್ತರವೆಂದು ಅಡಿಗೆರೆ ಎಳೆದು ನಿಲ್ಲಿಸುವ ತಪ್ಪೂ ತಪ್ಪುತ್ತದೆ. ಹಲವು ಹಂತಗಳಿರುವ ಲೆಕ್ಕಗಳಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಂತಹ ಅವಸರದಿಂದಲೇ.

ಮೂರನೆಯ ಕೆಲಸ, ಉದ್ದದ ವಾಕ್ಯವನ್ನು ತುಂಡು ಮಾಡುವುದು. "ತೂಗುವ", "ಒಯ್ದು", "ಕಳೆದ ಬಳಿಕ", "ಮಾರಿ", "ಕೊಟ್ಟರೆ" ಎಂಬ ಒಂದೊಂದು ಮಾತಿನ ಬಳಿಯೂ ಒಂದು ಪುಟ್ಟ ವಾಕ್ಯ ಅಡಗಿದೆ. ಅವುಗಳನ್ನು ಬಿಡಿಸಿ ಒಂದರ ಕೆಳಗೆ ಒಂದು ಬರೆದರೆ ಲೆಕ್ಕ ಹೀಗೆ ಕಾಣುತ್ತದೆ:

ಗೋಣಿಗಳು 3.
ಒಂದು ಗೋಣಿಯ ತೂಕ 65 ಕಿಲೋ.
ಗೋಣಿಯೊಂದಕ್ಕೆ ಕಳೆಯುವುದು 1 ಕಿಲೋ.
ಒಂದು ಕಿಲೋ ಅಡಿಕೆಯ ಬೆಲೆ 400 ರೂಪಾಯಿ.
ಜೀಪಿನ ಬಾಡಿಗೆ 900 ರೂಪಾಯಿ.

ಎರಡು ಗಂಟೆಯ ಮಾತು ಈ ಪಟ್ಟಿಯಲ್ಲಿ ಇಲ್ಲ. ಉಳಿಯುವ ಹಣಕ್ಕೂ ಮನೆಗೆ ಮರಳಿದ ಹೊತ್ತಿಗೂ ಸಂಬಂಧವಿಲ್ಲ. ಕೊಟ್ಟ ಸಂಖ್ಯೆಗಳನ್ನೆಲ್ಲ ಬಳಸಲೇಬೇಕೆಂಬ ನಿಯಮ ಯಾವ ಪುಸ್ತಕದಲ್ಲಿಯೂ ಇಲ್ಲವಾದರೂ ಮಕ್ಕಳು ಅದನ್ನು ತಾವಾಗಿಯೇ ಕಲಿತುಕೊಳ್ಳುತ್ತಾರೆ. ಆದುದರಿಂದ ಮನೆಯಲ್ಲಿ ಲೆಕ್ಕ ಕೊಡುವಾಗ ಬೇಡದ ಒಂದು ಸಂಖ್ಯೆಯನ್ನು ಆಗಾಗ ಸೇರಿಸುವುದು ಒಳ್ಳೆಯ ಅಭ್ಯಾಸ. ಪ್ರತಿಯೊಂದು ಸಂಖ್ಯೆಯ ಜೊತೆಗೆ ಅದರ ಮಾನವನ್ನೂ ಬರೆಯಬೇಕು. ಬರಿಯ 65 ಎಂದು ಬರೆದರೆ ಅದು ಏನನ್ನೂ ಹೇಳುವುದಿಲ್ಲ. 65 ಕಿಲೋ ಎಂದಾಗ ಅದನ್ನು 900 ರೂಪಾಯಿಯೊಡನೆ ಕೂಡಿಸಲಾಗದು ಎಂಬುದು ಬರೆದವರಿಗೇ ಕಾಣುತ್ತದೆ.

ಈಗಲೂ ಲೆಕ್ಕ ಮಾಡುವ ಮೊದಲು ಒಂದು ಅಂದಾಜು ಬೇಕು. ಅಡಿಕೆ ಹೆಚ್ಚುಕಡಿಮೆ 200 ಕಿಲೋ, ದರ 400. ಆದುದರಿಂದ ಉತ್ತರ 80,000ಕ್ಕಿಂತ ಸ್ವಲ್ಪ ಕಡಿಮೆ ಬರಬೇಕು. ಈ ಸಂಖ್ಯೆಯನ್ನು ಪುಟದ ಮೂಲೆಯಲ್ಲಿ ಬರೆದಿಟ್ಟು ನಂತರ ಹಂತಹಂತವಾಗಿ ಮುಂದುವರಿಯಬೇಕು. ಪ್ರತಿ ಹಂತದಲ್ಲಿಯೂ ಸಿಕ್ಕಿದ್ದು ಏನು ಎಂಬುದನ್ನು ಮಾತಿನಲ್ಲಿ ಬರೆಯಬೇಕು.

ಗೋಣಿ ಸಹಿತ ಒಟ್ಟು ತೂಕ: 3 × 65 = 195 ಕಿಲೋ.
ಕಳೆಯಬೇಕಾದ ಗೋಣಿಯ ತೂಕ: 3 × 1 = 3 ಕಿಲೋ.
ಬೆಲೆ ಸಿಗುವ ಅಡಿಕೆ: 195 − 3 = 192 ಕಿಲೋ.
ಅಡಿಕೆಯ ಬೆಲೆ: 192 × 400 = 76,800 ರೂಪಾಯಿ.
ಬಾಡಿಗೆ ಕಳೆದ ಮೇಲೆ: 76,800 − 900 = 75,900 ರೂಪಾಯಿ.

ಅಂದಾಜಿಗೆ ಇದು ಹೊಂದುತ್ತದೆ. 192ನ್ನು 40ರಿಂದ ಗುಣಿಸಿ 7,680 ಎಂದು ಬರೆದವರಿಗೆ ಮೂಲೆಯಲ್ಲಿರುವ 80,000 ಎಚ್ಚರಿಕೆ ಕೊಡುತ್ತಿತ್ತು. ಕೊನೆಯದಾಗಿ ಉತ್ತರವನ್ನು ಕಥೆಯೊಳಗೆ ಮರಳಿ ಇಟ್ಟು ನೋಡಬೇಕು: 75,900ಕ್ಕೆ ಬಾಡಿಗೆಯ 900 ಸೇರಿಸಿದರೆ 76,800, ಅದನ್ನು 400ರಿಂದ ಭಾಗಿಸಿದರೆ 192 ಕಿಲೋ, ಗೋಣಿಯ 3 ಕಿಲೋ ಸೇರಿಸಿದರೆ 195, ಮೂರು ಗೋಣಿಗೆ ಹಂಚಿದರೆ 65. ಕಥೆ ಆರಂಭವಾದಲ್ಲಿಗೆ ಬಂದು ಸೇರಿತು. ಮಾಡಿದ ಗುಣಾಕಾರವನ್ನೇ ಇನ್ನೊಮ್ಮೆ ಮಾಡಿ ನೋಡುವುದಕ್ಕಿಂತ ಹೀಗೆ ಹಿಮ್ಮುಖವಾಗಿ ಬರುವುದು ಉತ್ತಮ, ಏಕೆಂದರೆ ಒಮ್ಮೆ ಮಾಡಿದ ತಪ್ಪನ್ನು ಅದೇ ದಾರಿಯಲ್ಲಿ ಹೋದಾಗ ಕಣ್ಣು ಮತ್ತೆ ದಾಟಿಸಿಬಿಡುತ್ತದೆ.

"ಹೆಚ್ಚು" ಎಂದರೆ ಕೂಡಿಸಬೇಕೇ?

ಕೆಲವು ತರಗತಿಗಳ ಗೋಡೆಯ ಮೇಲೆ ಒಂದು ತಖ್ತೆ ತೂಗುತ್ತಿರುತ್ತದೆ: "ಒಟ್ಟು, ಹೆಚ್ಚು, ಸೇರಿ" ಎಂದು ಬಂದರೆ ಸಂಕಲನ, "ಉಳಿದ, ಕಡಿಮೆ, ವ್ಯತ್ಯಾಸ" ಎಂದು ಬಂದರೆ ವ್ಯವಕಲನ, "ತಲಾ, ಸಮನಾಗಿ" ಎಂದು ಬಂದರೆ ಭಾಗಾಕಾರ. ಅದನ್ನು ಇಳಿಸಿಬಿಡುವುದೇ ಮೇಲೆಂದು ನನ್ನ ಅಭಿಪ್ರಾಯ. ನಾವು ಈಗಷ್ಟೇ ಮಾಡಿದ ಲೆಕ್ಕದಲ್ಲಿ "ತಲಾ 65 ಕಿಲೋ" ಎಂದಿತ್ತು. ಅಲ್ಲಿ ಬೇಕಾದುದು ಗುಣಾಕಾರ. ಒಂದು ಮತ್ತು ಎರಡನೆಯ ತರಗತಿಯಲ್ಲಿ ಈ ತಖ್ತೆ ಹೆಚ್ಚು ಸಲ ಸರಿ ಉತ್ತರ ಕೊಡುತ್ತದೆ ಎಂಬುದೇ ಅದರ ಅಪಾಯ. ಅದನ್ನು ನಂಬಿದ ಮಗು ಮೂರನೆಯ ತರಗತಿಗೆ ಬಂದಾಗ ಈ ಕೆಳಗಿನಂತಹ ಲೆಕ್ಕದಲ್ಲಿ ಮುಗ್ಗರಿಸುತ್ತದೆ:

"ರಮ್ಯಳು 48 ಗೇರುಬೀಜಗಳನ್ನು ಹೆಕ್ಕಿದಳು. ಇದು ಅವಳ ತಮ್ಮ ಹೆಕ್ಕಿದ್ದಕ್ಕಿಂತ 15 ಹೆಚ್ಚು. ತಮ್ಮ ಹೆಕ್ಕಿದ ಬೀಜಗಳೆಷ್ಟು?"

"ಹೆಚ್ಚು" ಎಂಬುದನ್ನು ಕಂಡೊಡನೆ 48 + 15 = 63 ಎಂದು ಬರೆಯುವವರೇ ಬಹಳ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯಾರ ಬಳಿ ಹೆಚ್ಚು ಇದೆ? ರಮ್ಯಳ ಬಳಿ. ಹಾಗಾದರೆ ತಮ್ಮನ ಸಂಖ್ಯೆ 48ಕ್ಕಿಂತ ಸಣ್ಣದಾಗಿರಲೇಬೇಕು. 63 ಬರುವ ಸಾಧ್ಯತೆಯೇ ಇಲ್ಲ. ಸಂಖ್ಯೆಗಳ ಬದಲಿಗೆ ಅಡ್ಡಲಾದ ಎರಡು ಉದ್ದ ಪಟ್ಟಿಗಳ ಚಿತ್ರವನ್ನು ಎಳೆದರೆ ಇದು ಇನ್ನೂ ಸ್ಪಷ್ಟ. ಮೇಲೆ ರಮ್ಯಳ ಉದ್ದದ ಪಟ್ಟಿ, ಅದರ ಮೇಲೆ 48. ಅದರ ಕೆಳಗೆ, ಎಡಬದಿಯಲ್ಲಿ ಸರಿಸಮವಾಗಿ ಆರಂಭವಾಗುವ ತಮ್ಮನ ಗಿಡ್ಡ ಪಟ್ಟಿ. ಬಲಬದಿಯಲ್ಲಿ ಉಳಿದ ತೆರವು 15. ಕಳೆಯಬೇಕೆಂದು ಆಗ ಯಾರೂ ಹೇಳಬೇಕಾಗಿಲ್ಲ, 48 − 15 = 33. ಹೋಲಿಕೆಯ ಲೆಕ್ಕ ಯಾವುದೇ ಇರಲಿ, "ದೊಡ್ಡದು ಯಾವುದು" ಎಂಬುದನ್ನು ಮೊದಲು ತೀರ್ಮಾನಿಸಿ ಪಟ್ಟಿ ಎಳೆಯುವುದನ್ನು ಕಡ್ಡಾಯ ಮಾಡಿಕೊಳ್ಳಬಹುದು.

ಇದೇ ಪಟ್ಟಿ ಭಿನ್ನರಾಶಿಯ ಲೆಕ್ಕಗಳಲ್ಲಿ ಇನ್ನೂ ಹೆಚ್ಚು ನೆರವಾಗುತ್ತದೆ. "ಅಜ್ಜ ಇಳಿಸಿದ 240 ತೆಂಗಿನಕಾಯಿಗಳಲ್ಲಿ ನಾಲ್ಕನೇ ಒಂದು ಭಾಗವನ್ನು ಮನೆಖರ್ಚಿಗೆ ಇಟ್ಟು, ಉಳಿದುದರ ಮೂರನೇ ಒಂದು ಭಾಗವನ್ನು ಕೊಬ್ಬರಿಗೆಂದು ಒಡೆದು, ಮಿಕ್ಕಿದ್ದನ್ನು ಮಾರಿದರು. ಮಾರಿದ ಕಾಯಿಗಳೆಷ್ಟು?" ಎಡವುವುದು "ಉಳಿದುದರ" ಎಂಬಲ್ಲಿ. 240ರ ಮೂರನೇ ಒಂದು ಭಾಗ 80 ಎಂದು ಹಿಡಿದವರಿಗೆ ಉತ್ತರ 100 ಎಂದು ಬರುತ್ತದೆ. ಒಂದು ಉದ್ದನೆಯ ಪಟ್ಟಿಯನ್ನು ನಾಲ್ಕು ಸಮಭಾಗ ಮಾಡಿರಿ. ಒಂದೊಂದು ಭಾಗ 60 ಕಾಯಿ. ಒಂದು ಭಾಗ ಮನೆಗೆ ಹೋಯಿತು, ಉಳಿದದ್ದು ಮೂರು ಭಾಗ. ಆ ಮೂರರಲ್ಲಿ ಒಂದು ಕೊಬ್ಬರಿಗೆ, ಉಳಿದ ಎರಡು ಮಾರಾಟಕ್ಕೆ, ಅಂದರೆ 120 ಕಾಯಿ. ಭಿನ್ನರಾಶಿಯ ಗುಣಾಕಾರವನ್ನು ಇನ್ನೂ ಕಲಿಯದ ಮಗುವೂ ಇದನ್ನು ಮಾಡಬಲ್ಲದು. ಭಿನ್ನರಾಶಿಯ ಯಾವ ಲೆಕ್ಕದಲ್ಲಿಯೂ "ಯಾವುದರ ಭಾಗ?" ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಮುಂದಿನ ಹೆಜ್ಜೆ ಇಡಬಾರದು.

ಶೇಷವನ್ನು ಏನು ಮಾಡುವುದು?

130ನ್ನು 48ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 34. ಸಂಖ್ಯೆಗಳ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಕಥೆಯ ಮಟ್ಟಿಗೆ ಮುಗಿಯುವುದಿಲ್ಲ. 130 ಮಕ್ಕಳು ಬೇಕಲ ಕೋಟೆ ನೋಡಲು ಹೊರಟಿದ್ದಾರೆ, ಒಂದು ಬಸ್ಸಿನಲ್ಲಿ 48 ಮಂದಿ ಕೂರಬಹುದು, ಬಸ್ಸುಗಳೆಷ್ಟು ಬೇಕು ಎಂದು ಕೇಳಿದರೆ ಉತ್ತರ 3. ಉಳಿದ 34 ಮಕ್ಕಳನ್ನು ಶಾಲೆಯ ಗೇಟಿನ ಬಳಿ ಬಿಟ್ಟು ಹೋಗುವಂತಿಲ್ಲ. 130 ತೆಂಗಿನಕಾಯಿಗಳಿವೆ, ಒಂದು ಗೋಣಿಗೆ 48 ಹಿಡಿಯುತ್ತದೆ, ಪೂರ್ತಿ ತುಂಬಿದ ಗೋಣಿಗಳೆಷ್ಟು ಎಂದರೆ ಉತ್ತರ 2. ಗೋಣಿಗೆ ತುಂಬಿಸಿದ ಮೇಲೆ ಅಂಗಳದಲ್ಲಿ ಬಿಡಿಯಾಗಿ ಉಳಿದವೆಷ್ಟು ಎಂದರೆ ಉತ್ತರ 34. ಮೂರು ಪ್ರಶ್ನೆಗಳಿಗೂ ಭಾಗಾಕಾರ ಒಂದೇ; ಉತ್ತರಗಳು ಮಾತ್ರ ಮೂರು ಬಗೆ.

ಇದು ನಮ್ಮ ಮಕ್ಕಳದ್ದಷ್ಟೇ ಎಡವಟ್ಟಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ದೇಶವ್ಯಾಪಿಯಾಗಿ ನಡೆದ ಒಂದು ಮೌಲ್ಯಮಾಪನದಲ್ಲಿ, 1,128 ಸೈನಿಕರನ್ನು ಸಾಗಿಸಲು 36 ಮಂದಿ ಹಿಡಿಯುವ ಬಸ್ಸುಗಳು ಎಷ್ಟು ಬೇಕೆಂದು 13 ವರ್ಷದ ಮಕ್ಕಳನ್ನು ಕೇಳಲಾಗಿತ್ತು. ಶೇಕಡಾ 29ರಷ್ಟು ಮಕ್ಕಳು "31, ಶೇಷ 12" ಎಂದು ಬರೆದಿದ್ದರು. ಅವರ ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಶೇಷವಿರುವ ಬಸ್ಸನ್ನು ಯಾರೂ ಕಂಡಿಲ್ಲ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಆರಂಭದಲ್ಲಿಯೇ ಬರೆದಿಟ್ಟ ಉತ್ತರದ ವಾಕ್ಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. "______ ಬಸ್ಸುಗಳು ಬೇಕು" ಎಂಬುದರೊಳಗೆ "31, ಶೇಷ 12" ಎಂಬುದನ್ನು ಇಟ್ಟು ಗಟ್ಟಿಯಾಗಿ ಓದಿದರೆ ಮಗುವೇ ನಕ್ಕು 32 ಎಂದು ತಿದ್ದುತ್ತದೆ.

ಚಿತ್ರ ಬರೆಯದೆ ಬಿಡಿಸಬಾರದ ಲೆಕ್ಕಗಳು

ಅಳತೆ ಮತ್ತು ಅಂತರದ ಲೆಕ್ಕಗಳನ್ನು ಮನಸ್ಸಿನಲ್ಲಿಯೇ ಮಾಡಲು ಹೊರಡುವುದು ಜಾಣತನವಲ್ಲ. ಅಡಿಕೆ ಗಿಡಗಳನ್ನು ನೆಡಲು ಎರಡೂ ದಿಕ್ಕಿನಲ್ಲಿ 2.7 ಮೀಟರ್ ಅಂತರವಿರಬೇಕೆಂದು, ತೋಟದ ಬೆಳೆಗಳ ಸಂಶೋಧನೆ ನಡೆಸುವ ಕಾಸರಗೋಡಿನ ಸಿಪಿಸಿಆರ್‌ಐ ಸಂಸ್ಥೆ ಶಿಫಾರಸು ಮಾಡುತ್ತದೆ. ಇದನ್ನೇ ಇಟ್ಟುಕೊಂಡು ಕೇಳಬಹುದು: 27 ಮೀಟರ್ ಅಗಲ, 54 ಮೀಟರ್ ಉದ್ದದ ಜಾಗದಲ್ಲಿ, ನಾಲ್ಕೂ ಅಂಚುಗಳ ಮೇಲೆಯೂ ಗಿಡ ಬರುವಂತೆ ನೆಟ್ಟರೆ ಗಿಡಗಳೆಷ್ಟು?

27ನ್ನು 2.7ರಿಂದ ಭಾಗಿಸಿದರೆ 10, 54ನ್ನು ಭಾಗಿಸಿದರೆ 20. ಹಾಗಾಗಿ 200 ಎಂದು ಬರೆಯುವುದು ಸಾಮಾನ್ಯ. ಒಂದು ಗೆರೆ ಎಳೆದು ಎರಡು ತುದಿಗಳಲ್ಲಿಯೂ ಚುಕ್ಕಿ ಇಟ್ಟು ನೋಡಿ. ನಡುವೆ 10 ಅಂತರಗಳಿದ್ದರೆ ಚುಕ್ಕಿಗಳು 11. ಆದುದರಿಂದ ಒಂದು ದಿಕ್ಕಿನಲ್ಲಿ 11, ಇನ್ನೊಂದು ದಿಕ್ಕಿನಲ್ಲಿ 21, ಒಟ್ಟು 231 ಗಿಡಗಳು. ಭಾಗಾಕಾರ ಎಣಿಸಿದ್ದು ಗಿಡಗಳನ್ನಲ್ಲ, ಗಿಡಗಳ ನಡುವಿನ ಅಂತರಗಳನ್ನು. ಅಂಚಿನಿಂದ ಅರ್ಧ ಅಂತರ, ಅಂದರೆ 1.35 ಮೀಟರ್, ಒಳಕ್ಕೆ ಬಿಟ್ಟು ನೆಡುವುದಾದರೆ ಆಗ 200 ಎಂಬುದೇ ಸರಿ. ತೋಟದಲ್ಲಿ ಅಂಚಿನ ಮೇಲೆಯೇ ಗಿಡ ನೆಟ್ಟು ನೆರೆಯವರೊಡನೆ ಜಗಳ ಕಟ್ಟಿಕೊಳ್ಳುವವರು ಕಡಿಮೆ. ಪ್ರಶ್ನೆಯಲ್ಲಿರುವ "ಅಂಚುಗಳ ಮೇಲೆಯೂ" ಎಂಬ ಎರಡು ಪದಗಳು ಉತ್ತರವನ್ನು 31 ಗಿಡಗಳಷ್ಟು ಬದಲಾಯಿಸಿದವು ಎಂಬುದನ್ನು ಮಗುವಿಗೆ ತೋರಿಸಬೇಕು. ಬೇಲಿಯ ಗೂಟ, ದಾರಿದೀಪದ ಕಂಬ, ಮೆಟ್ಟಿಲು, ಕ್ಯಾಲೆಂಡರಿನ ದಿನಗಳು ಎಲ್ಲದರಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ: ಎಣಿಸಬೇಕಾದುದು ಚುಕ್ಕಿಗಳನ್ನೋ, ನಡುವಿನ ಅಂತರಗಳನ್ನೋ?

ಸಮಯದ ಲೆಕ್ಕಕ್ಕೂ ಒಂದು ಗೆರೆ ಸಾಕು. ಮುಳ್ಳೇರಿಯದಿಂದ 7.50ಕ್ಕೆ ಹೊರಟ ಬಸ್ಸು 8.45ಕ್ಕೆ ಕಾಸರಗೋಡು ತಲಪಿದರೆ 8.45 − 7.50 = 0.95, ಅಂದರೆ 95 ನಿಮಿಷ ಎಂದು ಬರೆಯುವ ಮಕ್ಕಳಿದ್ದಾರೆ. ಗೆರೆಯ ಮೇಲೆ 7.50, 8.00, 8.45 ಎಂದು ಗುರುತಿಸಿದರೆ 10 ನಿಮಿಷ ಮತ್ತು 45 ನಿಮಿಷ, ಒಟ್ಟು 55 ನಿಮಿಷ. ಗಂಟೆಗೆ 60 ನಿಮಿಷ, ಆದರೆ ಆ ಚುಕ್ಕಿ ದಶಮಾಂಶದಂತೆ ಕಾಣುವುದರಿಂದ ಈ ಗೊಂದಲ. ಜಾಗದ ಅಳತೆಯಲ್ಲಿಯೂ ಮಾನಗಳನ್ನು ಒಂದೇ ಮಾಡಿಕೊಂಡ ಬಳಿಕವೇ ಲೆಕ್ಕ ಆರಂಭಿಸಬೇಕು: 100 ಸೆಂಟ್ಸ್ ಸೇರಿದರೆ ಒಂದು ಎಕರೆ, ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ.

ಕೊನೆಯಿಂದ ಆರಂಭಕ್ಕೆ ಬರುವುದು

ಕೆಲವು ಲೆಕ್ಕಗಳಲ್ಲಿ ಕೊನೆ ತಿಳಿದಿರುತ್ತದೆ, ಆರಂಭ ತಿಳಿದಿರುವುದಿಲ್ಲ. "ಕೈಯಲ್ಲಿದ್ದ ಹಣದ ಅರ್ಧವನ್ನು ಪುಸ್ತಕಕ್ಕೆ ಕೊಟ್ಟು, ಆಮೇಲೆ 30 ರೂಪಾಯಿಯನ್ನು ಬಸ್ಸಿಗೆ ಕೊಟ್ಟಾಗ 45 ರೂಪಾಯಿ ಉಳಿಯಿತು. ಮೊದಲಿದ್ದ ಹಣವೆಷ್ಟು?" ಕಥೆಯನ್ನು ಬಾಣದ ಗುರುತುಗಳಿಂದ ಬರೆದರೆ: ಹಣ → ಅರ್ಧ → 30 ಕಡಿಮೆ → 45. ಈಗ ಬಾಣಗಳನ್ನು ತಿರುಗಿಸಿ ನಡೆಯಬೇಕು. ಕಳೆದಲ್ಲಿ ಕೂಡಿಸಬೇಕು, ಅರ್ಧ ಮಾಡಿದಲ್ಲಿ ಎರಡರಿಂದ ಗುಣಿಸಬೇಕು. 45 + 30 = 75, 75 × 2 = 150. ಮುಂದಕ್ಕೆ ನಡೆದು ಪರೀಕ್ಷಿಸಿದರೆ 150ರ ಅರ್ಧ 75, ಅದರಲ್ಲಿ 30 ಹೋದರೆ 45. ಇದು ಹೊಸ ಉಪಾಯವೇನಲ್ಲ, ಕ್ರಿ.ಶ. 499ರಷ್ಟು ಹಿಂದೆಯೇ ಆರ್ಯಭಟ ಈ ವಿಲೋಮ ಕ್ರಮವನ್ನು ಒಂದು ಶ್ಲೋಕದಲ್ಲಿ ಹೇಳಿದ್ದಾನೆ. ಕ್ರಮವನ್ನು ಮಾತ್ರ ಕೆಡಿಸಬಾರದು. ಮೊದಲು ಎರಡರಿಂದ ಗುಣಿಸಿ ನಂತರ 30 ಸೇರಿಸಿದರೆ 120 ಎಂಬ ತಪ್ಪು ಉತ್ತರ ಸಿಗುತ್ತದೆ.

ತ್ರೈರಾಶಿಕ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ

ಮೂರು ಸಂಖ್ಯೆಗಳನ್ನು ಕೊಟ್ಟು ನಾಲ್ಕನೆಯದನ್ನು ಕೇಳುವ ಲೆಕ್ಕಗಳು ಏಳನೆಯ ತರಗತಿಯಿಂದ ಮುಂದೆ ಬಹಳವಾಗಿ ಬರುತ್ತವೆ. ಅವುಗಳಿಗೆ ಒಂದೇ ಸೂತ್ರವನ್ನು ಬಾಯಿಪಾಠ ಮಾಡಿಸುವುದು ಎಲ್ಲಕ್ಕಿಂತ ಅಪಾಯದ ದಾರಿ, ಏಕೆಂದರೆ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಮೂರು ಲೆಕ್ಕಗಳು ಒಳಗೆ ಮೂರು ಬಗೆಯಾಗಿರಬಹುದು.

6 ಕಿಲೋ ಕರಿಮೆಣಸಿನ ಬೆಲೆ 3,600 ರೂಪಾಯಿಯಾದರೆ 8 ಕಿಲೋಗೆ ಎಷ್ಟು? ಕಿಲೋ ಹೆಚ್ಚಿದಂತೆ ಬೆಲೆ ಹೆಚ್ಚುತ್ತದೆ. ಒಂದು ಕಿಲೋಗೆ 600, 8 ಕಿಲೋಗೆ 4,800 ರೂಪಾಯಿ. 6 ಮಂದಿ 4 ದಿನಗಳಲ್ಲಿ ಮುಗಿಸುವ ಅಡಿಕೆ ಸುಲಿಯುವ ಕೆಲಸವನ್ನು 8 ಮಂದಿ ಎಷ್ಟು ದಿನಗಳಲ್ಲಿ ಮುಗಿಸುತ್ತಾರೆ? ಇಲ್ಲಿ ಮಂದಿ ಹೆಚ್ಚಿದಂತೆ ದಿನ ಕಡಿಮೆಯಾಗಬೇಕು. ಒಟ್ಟು ಕೆಲಸ 6 × 4 = 24 ಆಳಿನ ದಿನ; 8 ಮಂದಿಗೆ ಹಂಚಿದರೆ 3 ದಿನ. ಇನ್ನು ಮೂರನೆಯದು: ಒಂದು ಅಂಗಳದಲ್ಲಿ ಹರಡಿದ ಅಡಿಕೆ ಒಣಗಲು 40 ದಿನ ಬೇಕಾದರೆ, ಎರಡು ಅಂಗಳಗಳಲ್ಲಿ ಅದೇ ದಿನ ಹರಡಿದ ಅಡಿಕೆ ಒಣಗಲು ಎಷ್ಟು ದಿನ ಬೇಕು? ಬಿಸಿಲು ಎರಡೂ ಅಂಗಳಗಳಿಗೆ ಒಟ್ಟಿಗೇ ಬೀಳುತ್ತದೆ, ಆದುದರಿಂದ 40 ದಿನವೇ. ಅಡಿಕೆ ಒಣಗಿಸುವ ಮನೆಯ ಮಕ್ಕಳೂ ನೋಟ್ ಪುಸ್ತಕದ ಮುಂದೆ ಕೂತಾಗ 80 ಎಂದೋ 20 ಎಂದೋ ಬರೆಯುವುದುಂಟು. ಅಂಗಳಕ್ಕೆ ಇಳಿದು ಉತ್ತರ ಹೇಳಲು ಹೇಳಿದರೆ ಅವರು ತಪ್ಪಲಾರರು.

ಹೀಗಾಗಿ ಸೂತ್ರಕ್ಕೆ ಕೈಹಾಕುವ ಮೊದಲು ಒಂದು ವಾಕ್ಯವನ್ನು ಪೂರ್ತಿಗೊಳಿಸಬೇಕು: "ಇದು ಎರಡು ಪಟ್ಟಾದರೆ ಅದು ______." ಎರಡು ಪಟ್ಟು, ಅರ್ಧ, ಬದಲಾಗದು, ಈ ಮೂರರಲ್ಲಿ ಯಾವುದು ಎಂಬುದನ್ನು ಕಥೆಯೇ ಹೇಳುತ್ತದೆ. ನಮ್ಮ ಹಿರಿಯರ ಮುಡಿ ಅಕ್ಕಿಯ ಲೆಕ್ಕವನ್ನು ಇದಕ್ಕೆ ಅಭ್ಯಾಸವಾಗಿ ಕೊಡಬಹುದು. 14 ಸೇರು ಸೇರಿ ಒಂದು ಕಳಸಿಗೆ, 3 ಕಳಸಿಗೆ ಸೇರಿ ಒಂದು ಮುಡಿ, ಅಂದರೆ 42 ಸೇರು. ದಿನಕ್ಕೆ ಒಂದೂವರೆ ಸೇರು ಬೇಯಿಸುವ ಮನೆಗೆ ಒಂದು ಮುಡಿ 28 ದಿನ ಬರುತ್ತದೆ. ನೆಂಟರು ಬಂದು ದಿನಕ್ಕೆ 3 ಸೇರು ಬೇಯಿಸಬೇಕಾದರೆ 14 ದಿನ.

ಅಕ್ಷರವನ್ನು ಯಾವಾಗ ತರಬೇಕು

ತಿಳಿಯದ ಸಂಖ್ಯೆಗೆ ಒಂದು ಅಕ್ಷರವಿಟ್ಟು ಸಮೀಕರಣ ಬರೆಯುವುದನ್ನು ಪ್ರೌಢಶಾಲೆಯಲ್ಲಿ ಕಲಿಸುತ್ತಾರೆ. ಅದಕ್ಕಿಂತ ಮೊದಲು ಅದೇ ಲೆಕ್ಕವನ್ನು ಅಂಕಗಣಿತದಿಂದ ಒಮ್ಮೆ ಬಿಡಿಸಿದ್ದರೆ ಅಕ್ಷರ ಭಯ ಹುಟ್ಟಿಸುವುದಿಲ್ಲ. "ಡಬ್ಬಿಯಲ್ಲಿ 5 ಮತ್ತು 10 ರೂಪಾಯಿಯ ಒಟ್ಟು 20 ನಾಣ್ಯಗಳಿವೆ; ಹಣ 140 ರೂಪಾಯಿ. 10ರ ನಾಣ್ಯಗಳೆಷ್ಟು?" ಎಲ್ಲವೂ 5ರ ನಾಣ್ಯಗಳೆಂದು ಇಟ್ಟುಕೊಂಡರೆ ಹಣ 100. ನಿಜಕ್ಕೆ 40 ಕಡಿಮೆ ಬಿತ್ತು. ಒಂದು 5ರ ನಾಣ್ಯವನ್ನು ತೆಗೆದು 10ರ ನಾಣ್ಯ ಹಾಕಿದಾಗಲೆಲ್ಲ ಹಣ 5 ಹೆಚ್ಚುತ್ತದೆ. 40 ಹೆಚ್ಚಬೇಕಾದರೆ 8 ನಾಣ್ಯ ಬದಲಿಸಬೇಕು. ಹಾಗಾದರೆ 10ರ ನಾಣ್ಯ 8, 5ರ ನಾಣ್ಯ 12; 80 + 60 = 140.

ಇದನ್ನೇ ಬೀಜಗಣಿತದಲ್ಲಿ ಬರೆಯುವಾಗ ಮೊದಲ ಸಾಲು ಹೀಗಿರಬೇಕು: "10 ರೂಪಾಯಿಯ ನಾಣ್ಯಗಳ ಸಂಖ್ಯೆ ಕ ಆಗಿರಲಿ." ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ಅಕ್ಷರ ಯಾವುದಾದರೂ ಆದೀತು; "ನಾಣ್ಯ = ಕ" ಎಂದು ಬರೆಯುವುದು ಮಾತ್ರ ಸಲ್ಲದು, ಏಕೆಂದರೆ ಕ ಎಂಬುದು ನಾಣ್ಯವಲ್ಲ, ನಾಣ್ಯಗಳ ಸಂಖ್ಯೆ. ಆಮೇಲೆ 5ರ ನಾಣ್ಯಗಳು 20 − ಕ, ಹಣ 10ಕ + 5(20 − ಕ) = 140, ಅಂದರೆ 5ಕ + 100 = 140, ಕ = 8. ಸಮೀಕರಣದಲ್ಲಿರುವ 100 ಎಂಬುದು ಎಲ್ಲವೂ 5ರ ನಾಣ್ಯಗಳೆಂದು ಇಟ್ಟುಕೊಂಡಾಗ ಸಿಕ್ಕಿದ್ದ 100. 5ಕ ಎಂಬುದು ಬದಲಿಸಿದಾಗ ಹೆಚ್ಚಿದ ಹಣ. ಎರಡು ದಾರಿಗಳನ್ನು ಅಕ್ಕಪಕ್ಕ ಬರೆದು ಈ ಸಾಮ್ಯವನ್ನು ತೋರಿಸಲು ಕಳೆಯುವ ಅರ್ಧ ಗಂಟೆ ವ್ಯರ್ಥವಾಗುವುದಿಲ್ಲ.

ಪರೀಕ್ಷೆಯ ಕೊಠಡಿಯಲ್ಲಿ

ಕೇರಳದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಸೇರಿದ ಬಳಿಕ ಬರೆಯಲು ಆರಂಭಿಸುವ ಮೊದಲು 15 ನಿಮಿಷಗಳ ಕೂಲ್ ಆಫ್ ಟೈಮ್ ಇದೆ. ವಾಕ್ಯರೂಪದ ಲೆಕ್ಕಗಳನ್ನು ಮೊದಲ ಸಲ ಓದಿ ಕಥೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹಂತಗಳಿಗೂ ಅಂಕವಿರುವುದರಿಂದ ಕೊನೆಯ ಉತ್ತರ ಸಿಗದಿದ್ದರೂ ಮಾಡಿದಷ್ಟು ಹಂತಗಳನ್ನು ಹೆಸರು, ಮಾನಗಳೊಡನೆ ಬರೆದಿಡಬೇಕು. ನಾಲ್ಕನೆಯ ಮತ್ತು ಏಳನೆಯ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆಗಳಿಗೆ ಸಿದ್ಧರಾಗುವ ಮಕ್ಕಳಿಗೆ ದಿನಕ್ಕೆ ಇಪ್ಪತ್ತು ಲೆಕ್ಕ ಮಾಡಿಸುವುದಕ್ಕಿಂತ ಎರಡು ಲೆಕ್ಕಗಳನ್ನು ಪೂರ್ತಿ ಕ್ರಮದಲ್ಲಿ ಮಾಡಿಸಿ, ಅದೇ ಸಂಖ್ಯೆಗಳಿಂದ ಮೂರನೆಯದೊಂದನ್ನು ಅವರೇ ಕಟ್ಟುವಂತೆ ಹೇಳುವುದು ಹೆಚ್ಚು ಫಲ ಕೊಡುತ್ತದೆ.

ಅಭ್ಯಾಸಕ್ಕೆ ಎರಡು ಲೆಕ್ಕಗಳು. ಒಂದು: ಒಂದು ಮನೆಯ ದನ ಬೆಳಗ್ಗೆ 6.5 ಲೀಟರ್, ಸಂಜೆ 4.75 ಲೀಟರ್ ಹಾಲು ಕೊಡುತ್ತದೆ, ಮನೆಗೆ 1.25 ಲೀಟರ್ ಇಟ್ಟುಕೊಂಡು ಉಳಿದುದನ್ನು ಲೀಟರಿಗೆ 44 ರೂಪಾಯಿಯಂತೆ ಸೊಸೈಟಿಗೆ ಕೊಟ್ಟರೆ ದಿನಕ್ಕೆ ಸಿಗುವ ಹಣವೆಷ್ಟು? ಎರಡು: ಕುಂಬಳೆಯ ಮಾರುಕಟ್ಟೆಯಲ್ಲಿ 2 ಕಿಲೋ ಬಂಗುಡೆಯನ್ನೂ 3 ಕಿಲೋ ಬೂತಾಯಿಯನ್ನೂ ಕೊಂಡು 1,000 ರೂಪಾಯಿ ಕೊಟ್ಟವರಿಗೆ ಮರಳಿ ಸಿಗುವ ಹಣವೆಷ್ಟು?

ಮೊದಲನೆಯದರ ಉತ್ತರ 440 ರೂಪಾಯಿ. ಎರಡನೆಯದಕ್ಕೆ 995 ಎಂದು ಬರೆದ ಮಗು ಮೇಲೆ ಹೇಳಿದ ಮೊದಲ ಓದಿಗೆ ಮರಳಬೇಕು. ಎರಡು ಮೀನುಗಳ ದರವನ್ನೂ ಕೊಡದೆ ಈ ಲೆಕ್ಕ ಮಾಡಲಾಗದು ಎಂದು ಬರೆದ ಮಗುವಿಗೆ ಪೂರ್ಣ ಅಂಕ.